ಸೋದರತ್ತೆ ಫೋನ್ ಎತ್ತಿಕೊಂಡ ಏಳು ವಾರ

ಚುಕ್ಕಿ ಕೆಲಸ ಬಿಟ್ಟ ದಿನ ಕಚೇರಿಯವರೆಲ್ಲ ಒಳಗೊಳಗೇ ಹೊಟ್ಟೆಕಿಚ್ಚುಪಟ್ಟುಕೊಂಡು ಅವಳನ್ನು ಬೀಳ್ಕೊಟ್ಟರು. ಪಠ್ಯಪುಸ್ತಕ ಅಚ್ಚುಹಾಕುವ ಆ ಕಚೇರಿಯಲ್ಲಿ ಎಂಟು ವರ್ಷ, ಒಂದು ಪಕ್ಕ ಜೆರಾಕ್ಸ್ ಯಂತ್ರ, ಇನ್ನೊಂದು ಪಕ್ಕ ಕೈತೊಳೆಯುವ ಕೋಣೆಯ ಬಾಗಿಲು, ಇವೆರಡರ ನಡುವೆ ಕೂತು ಅವಳು ಹೂವಿನ ಸೀಳುನೋಟ, ಕಪ್ಪೆಯ ಜೀರ್ಣಾಂಗ, ಕಿವಿಯ ಒಳಭಾಗ ಬಿಡಿಸಿಕೊಡುತ್ತಿದ್ದಳು. ವಿಜ್ಞಾನದ ಚಿತ್ರದಲ್ಲಿ ನೆರಳನ್ನು ಗೀಚಿ ತುಂಬುವುದಿಲ್ಲ. ಶಾಯಿಯಲ್ಲಿ ಒಂದೊಂದೇ ಚುಕ್ಕಿ ಇಟ್ಟು ತೋರಿಸಬೇಕು. ಒಂದು ಮೂತ್ರಪಿಂಡಕ್ಕೆ ಎರಡು ಸಾವಿರ ಚುಕ್ಕಿಯಾದರೂ ಬೇಕು. ಕಚೇರಿಯಲ್ಲಿ ಯಾರೋ ತಮಾಷೆಗೆ ಇಟ್ಟ ಆ ಹೆಸರು ಮನೆಯವರ ಬಾಯಿಗೂ ಬಂದು, ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನ ಪುಸ್ತಕದಲ್ಲಷ್ಟೇ ಉಳಿದಿತ್ತು.

"ಇನ್ಮೇಲೆ ನನಗೆ ನಾನೇ ಯಜಮಾನಿ," ಎಂದು ಅವಳು ಆವತ್ತು ಗಂಡನಿಗೆ ಹೇಳಿದ್ದಳು.

ಗಂಡ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿದ್ದ. ದಿನವಿಡೀ ಮಂದಿಗೆ "ಉಸಿರು ಬಿಗಿಹಿಡೀರಿ, ಹಾಂ, ಈಗ ಬಿಡಿ" ಎನ್ನುವುದು ಅವನ ಕೆಲಸ. ಹೆಂಡತಿಯ ಮಾತು ಕೇಳಿ, "ಹಾಗಾದ್ರೆ ರಜೆ ಕೇಳೋಕೆ ಕನ್ನಡಿ ಮುಂದೆ ನಿಲ್ತೀಯಾ?" ಎಂದ. ಇಬ್ಬರೂ ನಕ್ಕರು.

ಆದದ್ದೇ ಬೇರೆ. ಒಬ್ಬ ಯಜಮಾನನನ್ನು ಬಿಟ್ಟು, ಮನೆಯಲ್ಲೇ ಕೂತು ಚಿತ್ರ ಬಿಡಿಸಿಕೊಡತೊಡಗಿದವಳಿಗೆ ಆರು ತಿಂಗಳೊಳಗೆ ಏಳು ಮಂದಿ ಯಜಮಾನರು ಗಂಟುಬಿದ್ದರು. ಅವರಲ್ಲಿ ಹಿರಿಯ ತಲೆ ಎಂದರೆ ಒಬ್ಬ ಪಠ್ಯಪುಸ್ತಕ ಸಂಪಾದಕರು. ಒಳ್ಳೆಯ ಮನುಷ್ಯ, ಮಾತು ಬೆಣ್ಣೆ. ಆದರೆ ಪ್ರತಿ ಸಲ ಫೋನ್ ಮಾಡಿದಾಗಲೂ "ಮೇಡಂ, ಒಂದು ಸಣ್ಣ ಬದಲಾವಣೆ" ಎಂದೇ ಶುರು. ಎಲೆಯ ಚಿತ್ರದಲ್ಲಿರುವ ಬಾಣದ ಗುರುತು ಸ್ವಲ್ಪ ಎಡಕ್ಕೆ ಬರಲಿ. ಅರ್ಧ ಗಂಟೆ ಬಿಟ್ಟು, ಇಲ್ಲ, ಮೊದಲೇ ಚೆನ್ನಾಗಿತ್ತು, ಬಲಕ್ಕೇ ಇರಲಿ. ಆಮೇಲೆ, ಬಾಣವೇ ಯಾಕೆ, ಗೆರೆ ಸಾಕಲ್ಲವೇ? ಮನೆಯಲ್ಲಿ ಗಂಡ ಹೆಂಡತಿ ಅವರಿಗೆ "ಸಣ್ಣ ಬದಲಾವಣೆ" ಎಂದೇ ಹೆಸರಿಟ್ಟಿದ್ದರು. ಚುಕ್ಕಿಗೆ ಇಲ್ಲ ಅನ್ನಲು ನಾಲಗೆ ಹೊರಳುತ್ತಿರಲಿಲ್ಲ. ಇವತ್ತು ಇಲ್ಲ ಅಂದರೆ ನಾಳೆ ಇನ್ನೊಬ್ಬರನ್ನು ಹುಡುಕಿಕೊಂಡಾರು ಎಂಬ ದಿಗಿಲು.

ಹೊರಗಿನವರದ್ದು ಒಂದು ಪಾಡಾದರೆ ಹತ್ತಿರದವರದ್ದು ಇನ್ನೊಂದು. ಅವಳಿರುವ ಕಟ್ಟಡದಲ್ಲಿ ನಾಲ್ಕು ಅಂತಸ್ತು. ಹಗಲು ಹೊತ್ತು ಮನೆಯಲ್ಲಿ ಸಿಗುವ ಜೀವ ಇದೊಂದೇ ಎಂದು ಗೊತ್ತಾದದ್ದೇ ತಡ, ಎಲ್ಲರ ಪಾರ್ಸೆಲ್ಲೂ ಇವಳ ಬಾಗಿಲಿಗೇ ಬರತೊಡಗಿತು. ಮೇಲಿನ ಮನೆಯ ವ್ಯಾಯಾಮದ ಮೇಷ್ಟ್ರು ತರಿಸಿದ ಕಬ್ಬಿಣದ ಗುಂಡುಗಳು ಮೂರು ದಿನ ಇವಳ ನಡುಮನೆಯಲ್ಲೇ ಬಿದ್ದಿದ್ದವು. ನಾದಿನಿ ವಾರಕ್ಕೊಮ್ಮೆಯಾದರೂ ಫೋನ್ ಮಾಡಿ, "ಅತ್ತಿಗೆ, ನಮ್ಮನೆಗೆ ಪ್ಲಂಬರ್ ಬರ್ತಾನೆ, ಸ್ವಲ್ಪ ಹೋಗಿ ಬಾಗಿಲು ತೆಗೀತೀರಾ? ಹೇಗೂ ಮನೇಲೇ ಇರ್ತೀರಲ್ಲ," ಅನ್ನುವಳು. ಆ "ಹೇಗೂ ಮನೇಲೇ ಇರ್ತೀರಲ್ಲ" ಎಂಬ ಮಾತು ಕೇಳಿ ಕೇಳಿ ಚುಕ್ಕಿಯ ಕಿವಿ ತೂತುಬಿದ್ದಿತ್ತು. ಇಷ್ಟೆಲ್ಲ ಗದ್ದಲದ ನಡುವೆಯೂ ದಿನಕ್ಕೊಮ್ಮೆ ಎದುರು ಕೂತು ಟೀ ಕುಡಿಯಲು, "ಈ ನೆರಳು ಜಾಸ್ತಿಯಾಯ್ತಾ ನೋಡು" ಎಂದು ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಜೆರಾಕ್ಸ್ ಯಂತ್ರದ ಸದ್ದೂ ಅವಳಿಗೆ ಆಗಾಗ ನೆನಪಾಗಿ ಕಾಡುತ್ತಿತ್ತು.

ಹೀಗಿರುವಾಗ ಸೋದರತ್ತೆ ಬಂದರು.

ಅವರು ಚುಕ್ಕಿಯ ಅಪ್ಪನ ಅಕ್ಕ. ಮೂವತ್ತೆರಡು ವರ್ಷ ಒಂದು ದೊಡ್ಡ ಆಸ್ಪತ್ರೆಯ ಮುಂಬಾಗಿಲ ಮೇಜಿನ ಹಿಂದೆ ಕೂತು, ಮೂರು ಫೋನು ನೋಡಿಕೊಂಡು, ಡಾಕ್ಟರುಗಳನ್ನೂ ರೋಗಿಗಳನ್ನೂ ಒಂದೇ ಕಣ್ಣಲ್ಲಿ ಕಂಡು ನಿವೃತ್ತರಾದವರು. ಮಂಡಿಗೆ ಆಪರೇಷನ್ ಆಗಿತ್ತು. ಅವರ ಮನೆಗೆ ಮೂರು ಮಹಡಿ ಹತ್ತಬೇಕು, ಚುಕ್ಕಿಯ ಮನೆ ಇರುವುದು ನೆಲದ ಮಟ್ಟದಲ್ಲಿ. "ಆರು ವಾರ ಕಣೇ, ಆಮೇಲೆ ನನ್ನ ಕಾಲ ಮೇಲೆ ನಾನು ಹೋಗ್ತೀನಿ," ಎಂದು ಒಂದು ಪೆಟ್ಟಿಗೆ, ಒಂದು ಊರುಗೋಲಿನೊಂದಿಗೆ ಬಂದಿಳಿದರು. ನಡುಮನೆಯಲ್ಲಿ ಚುಕ್ಕಿಯ ಮೇಜಿಗೆ ಮಾರು ದೂರದಲ್ಲಿ ಅವರ ಕುರ್ಚಿ ಬಿತ್ತು. ಚಾಚಿದ ಕಾಲಿಗೊಂದು ಮುಕ್ಕಾಲಿ.

ಮೊದಲ ಮೂರು ದಿನ ಅತ್ತೆ ತುಟಿಪಿಟಕ್ಕೆನ್ನದೆ ನೋಡಿದರು. ಗಂಟೆ ಬಾರಿಸಿದ್ದು ಎಷ್ಟು ಸಲ, ಫೋನ್ ಬಂದದ್ದು ಎಷ್ಟು ಸಲ, ಚುಕ್ಕಿ "ಆಯ್ತು ಸರ್, ಮಾಡ್ತೀನಿ ಸರ್" ಅಂದದ್ದು ಎಷ್ಟು ಸಲ, ಎಲ್ಲವನ್ನೂ. ನಾಲ್ಕನೆಯ ದಿನ ಶಾಯಿಯ ಕುಪ್ಪಿ ಮೊಗಚಿಕೊಂಡಿತು. ಚುಕ್ಕಿ ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತಿರುವಾಗಲೇ ಫೋನ್ ಬಡಿದುಕೊಂಡಿತು. ಅತ್ತೆ ಊರುಗೋಲಿನ ತುದಿಯಿಂದ ಫೋನನ್ನು ಮೇಜಿನಂಚಿಗೆ ಎಳೆದು ಎತ್ತಿಕೊಂಡರು.

"ನಮಸ್ಕಾರ. ಚಿತ್ರ ವಿಭಾಗ. ಯಾರು ಮಾತಾಡೋದು?"

ಆ ಕಡೆಯವರು ಫೋನ್ ಇಟ್ಟುಬಿಟ್ಟರು. ಅರೆಕ್ಷಣದಲ್ಲಿ ಮತ್ತೆ ಬಂತು.

"ಸರಿಯಾದ ನಂಬರೇ ಸರ್," ಎಂದರು ಅತ್ತೆ. "ಮೇಡಂ ಕೆಲಸದಲ್ಲಿದ್ದಾರೆ. ಏನು ವಿಷಯ ಹೇಳಿ."

"ಅದು... ಒಂದು ಸಣ್ಣ ಬದಲಾವಣೆ ಇತ್ತು," ಎಂದಿತು ಸಂಪಾದಕರ ದನಿ.

"ಎಷ್ಟು ಸಣ್ಣದು?"

ಇಪ್ಪತ್ತು ವರ್ಷದ ಸಂಪಾದಕಗಿರಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲವೆಂದು ಕಾಣುತ್ತದೆ. "ಬಾಣ ಸ್ವಲ್ಪ ಎಡಕ್ಕೆ ಬಂದ್ರೆ..."

"ಸ್ವಲ್ಪ ಅಂದ್ರೆ ಎಷ್ಟು ಮಿಲಿಮೀಟರು ಸರ್? ನೋಡಿ, ಹೀಗೆ ಮಾಡಿ. ಬದಲಾವಣೆ ಎಷ್ಟಿದ್ರೂ ಸೇರಿಸಿ ಒಂದೇ ಕಾಗದದಲ್ಲಿ ಬರೆದು ಕಳಿಸಿ. ಮೇಡಂ ಬದಲಾವಣೆ ನೋಡೋದು ಗುರುವಾರ."

"ಹಾಗಾ? ನನಗೆ ಗೊತ್ತಿರ್ಲಿಲ್ಲ," ಎಂದರು ಸಂಪಾದಕರು. ದನಿಯಲ್ಲಿ ಕೋಪವಿರಲಿಲ್ಲ, ಒಂದು ಬಗೆಯ ಮರ್ಯಾದೆಯಿತ್ತು.

ಅತ್ತೆ ಫೋನ್ ಕೆಳಗಿಟ್ಟರು. ಚುಕ್ಕಿ ಶಾಯಿಬಟ್ಟೆ ಹಿಡಿದುಕೊಂಡೇ ಹತ್ತಿರ ಬಂದಳು. "ಅತ್ತೆ, ಯಾವ ಗುರುವಾರ?"

"ಪ್ರತಿ ಗುರುವಾರ. ನೀನು ನೆಲ ಒರೆಸು, ಕಾಲಿಗೆ ಅಂಟತ್ತೆ."

ಗುರುವಾರ ಸಂಪಾದಕರಿಂದ ಕಾಗದ ಬಂತು. ಹದಿನೇಳು ಬದಲಾವಣೆ, ಅದರಲ್ಲಿ ಒಂಬತ್ತನ್ನು ಬರೆಯುತ್ತ ಬರೆಯುತ್ತ ಅವರೇ ಹೊಡೆದುಹಾಕಿದ್ದರು. ಉಳಿದ ಎಂಟನ್ನು ಚುಕ್ಕಿ ಒಂದೇ ಬೆಳಿಗ್ಗೆ ಮುಗಿಸಿದಳು.

ಅಲ್ಲಿಂದ ಅತ್ತೆಗೆ ರೆಕ್ಕೆ ಬಂತು. ಬಾಗಿಲಿಗೆ "ಪಾರ್ಸೆಲ್ ವಿಚಾರಣೆ ಸಂಜೆ ಐದರಿಂದ ಆರು" ಎಂಬ ಚೀಟಿ ಅಂಟಿತು. ವ್ಯಾಯಾಮದ ಮೇಷ್ಟ್ರು ಐದೂಕಾಲಿಗೆ ಸರಿಯಾಗಿ ಬಂದು, ಶಾಲೆಯ ಮಗುವಿನಂತೆ ನಿಂತು, ತಮ್ಮ ಪೆಟ್ಟಿಗೆ ತಾವೇ ಹೊತ್ತುಕೊಂಡು ಹೋದರು. ನಾದಿನಿಯ ಪ್ಲಂಬರ್ ವಿಷಯ ಬಂದಾಗ ಅತ್ತೆ, "ನಿಮ್ಮತ್ತಿಗೆ ಕೆಲಸದ ಮೇಲಿದ್ದಾಳಮ್ಮ. ನಾನು ಬೇಕಾದ್ರೆ ಬರ್ತೀನಿ, ಎತ್ಕೊಂಡು ಹೋಗೋಕೆ ಇಬ್ಬರನ್ನ ಕಳಿಸು," ಎಂದರು. ನಾದಿನಿ ಪ್ಲಂಬರನನ್ನು ಭಾನುವಾರ ಬರಹೇಳಿದಳಂತೆ.

"ಆರು ವಾರ ಸಾಲಲ್ಲ ಅತ್ತೆ, ಇನ್ನೊಂದು ಮಂಡೀನೂ ಮಾಡಿಸ್ಕೊಂಡುಬಿಡಿ," ಎಂದ ಗಂಡ.

"ಅಳಿಯಂದ್ರೆ, ಅದು ಚೆನ್ನಾಗಿದೆ. ಬೇಕಾದ್ರೆ ನೀವೇ ಫೋಟೋ ತೆಗೆದು ನೋಡಿ," ಎಂದರು ಅತ್ತೆ.

ಮೂರು ವಾರ ಚುಕ್ಕಿ ಹಗುರವಾಗಿ ಕೆಲಸ ಮಾಡಿದಳು. ಮಧ್ಯಾಹ್ನ ಅತ್ತೆಯೂ ಅವಳೂ ಕೂತು ಟೀ ಕುಡಿಯುವರು. ಅತ್ತೆಗೆ ಚಿತ್ರದ ಗಂಧಗಾಳಿ ಇರಲಿಲ್ಲ. ಹೃದಯದ ಚಿತ್ರ ನೋಡಿ, "ಇದೇನು, ಗೆಣಸಾ?" ಎಂದಿದ್ದರು. ಆದರೂ ಎದುರಿಗೊಂದು ಮುಖವಿತ್ತಲ್ಲ.

ಎಡವಟ್ಟಾದದ್ದು ನಾಲ್ಕನೆಯ ವಾರ. ಅವತ್ತು ಚುಕ್ಕಿ ಫೋನನ್ನು ಮನೆಯಲ್ಲೇ ಬಿಟ್ಟು, ಚಿತ್ರಗಳನ್ನು ಕೊಡಲು ಮುದ್ರಣಾಲಯಕ್ಕೆ ಹೋಗಿದ್ದಳು. ಆಗ ಯಾರೋ ಹೆಂಗಸು ಫೋನ್ ಮಾಡಿದಳು. ಮಾತು ಗಡಿಬಿಡಿ. ನಾಳೆ ಬೆಳಿಗ್ಗೆ ಹತ್ತಕ್ಕೇ ಬರಬೇಕು, ಬಹಳ ಅರ್ಜೆಂಟು, ಇಲ್ಲ ಅನ್ನಬಾರದು ಎಂದಳು. ಅರ್ಜೆಂಟು ಎಂಬ ಪದ ಕೇಳಿದರೆ ಅತ್ತೆಗೆ ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಿಜವಾಗಿ ಅರ್ಜೆಂಟು ಇದ್ದವರು ಆ ಪದ ಬಳಸಿದ್ದನ್ನು ಅವರು ಕಂಡಿರಲಿಲ್ಲವಂತೆ. "ನಾಳೆ ಆಗಲ್ಲಮ್ಮ. ಎರಡು ವಾರ ಬಿಟ್ಟು ಮಾಡಿ," ಎಂದು ಇಟ್ಟುಬಿಟ್ಟರು. ಹೆಸರು ಕೇಳಲಿಲ್ಲ, ಬರೆದಿಡಲಿಲ್ಲ, ಚುಕ್ಕಿ ಬಂದಾಗ ಹೇಳಲೂ ಇಲ್ಲ.

ಮೂರು ದಿನ ಬಿಟ್ಟು ಹಳೆಯ ಕಚೇರಿಯ ಗೆಳತಿಯೊಬ್ಬಳು ಫೋನಿನಲ್ಲಿ ಮಾತಾಡುತ್ತ, "ಮ್ಯೂಸಿಯಂನವರು ಮಾಡಿದ್ರಾ? ನಾನೇ ನಿನ್ನ ನಂಬರ್ ಕೊಟ್ಟಿದ್ದೆ. ಪಕ್ಷಿಗಳ ಕೋಣೆ ಹೊಸದಾಗಿ ಮಾಡ್ತಿದ್ದಾರಂತೆ. ನಲವತ್ತು ಹಕ್ಕಿ, ಗೋಡೆ ತುಂಬ," ಎಂದಳು.

ಚಿಕ್ಕಂದಿನಲ್ಲಿ ಚುಕ್ಕಿ ಆ ಮ್ಯೂಸಿಯಂನ ಹಳೆಯ ಪಕ್ಷಿ ಕೋಣೆಯಲ್ಲಿ ನಿಂತುಕೊಂಡೇ ಚಿತ್ರ ಬಿಡಿಸುವುದನ್ನು ಕಲಿತದ್ದು. ಕೂಡಲೇ ಅಲ್ಲಿಗೆ ಫೋನ್ ಹಚ್ಚಿದಳು. ಪಕ್ಷಿ ವಿಭಾಗದ ಮುಖ್ಯಸ್ಥೆ ಸಿಕ್ಕರು. "ಅಯ್ಯೋ, ನಿಮ್ಮ ಆಫೀಸಿನವರು ಎರಡು ವಾರ ಅಂದ್ರಲ್ಲಮ್ಮ. ನಮಗೆ ಮಾರನೇ ದಿನವೇ ಯಾರನ್ನಾದ್ರೂ ಗೊತ್ತುಮಾಡ್ಬೇಕಿತ್ತು. ಬೇರೆಯವರಿಗೆ ಕೊಟ್ಟಾಯ್ತು," ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಚುಕ್ಕಿ ಫೋನ್ ಇಟ್ಟು ಅತ್ತೆಯ ಕಡೆ ತಿರುಗಿದಳು. "ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

"ನಾಳೇನೇ ಬಾ ಅಂದ್ರು ಕಣೇ. ನಾನೇನೋ ಮಾಮೂಲಿ ಗಡಿಬಿಡಿಯವರು ಅಂದ್ಕೊಂಡೆ."

"ಇದು ನಿಮ್ಮ ಆಸ್ಪತ್ರೆ ಅಲ್ಲ ಅತ್ತೆ. ನಾನೇನು ನಿಮ್ಮನ್ನ ಇಲ್ಲಿ ಕೆಲಸಕ್ಕೆ ಇಟ್ಕೊಂಡಿದ್ದೀನಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಫೋನನ್ನು ನಿಧಾನವಾಗಿ ಮೇಜಿನ ಆ ತುದಿಗೆ ಸರಿಸಿ, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತರು.

ಮರುದಿನದಿಂದ ಫೋನ್ ಬಡಿದುಕೊಂಡರೆ ಅತ್ತೆ ಕಿಟಕಿಯಾಚೆಯ ಸೈಕಲ್ಲುಗಳನ್ನು ನೋಡುವರು. ಊಟಕ್ಕೆ ಕರೆದರೆ ಬರುವರು, ಕೇಳಿದ್ದಕ್ಕೆ "ಹೂಂ" ಅನ್ನುವರು, ಅಷ್ಟೇ. ಚುಕ್ಕಿ ತಾನೇ ಫೋನ್ ಎತ್ತಿದಳು. ಸಂಪಾದಕರಿಗೆ ಒಂದೇ ದಿನದಲ್ಲಿ ವಾಸನೆ ಹತ್ತಿತು. "ಓ, ಮೇಡಂ, ನೀವೇ ಸಿಕ್ಕಿದ್ದು ಒಳ್ಳೇದಾಯ್ತು, ಒಂದು ಸಣ್ಣ..." ಎಂದು ಶುರುಮಾಡಿದರು. ಗುರುವಾರ ಅನ್ನಬೇಕೆಂದು ಚುಕ್ಕಿ ಬಾಯಿ ತೆರೆದಳು; "ಆಯ್ತು ಸರ್" ಎಂಬುದೇ ಹೊರಗೆ ಬಂತು. ಅವತ್ತು ಅದೇ ಎಲೆಗೆ ಆರು ಬದಲಾವಣೆ. ಏಳನೆಯದಕ್ಕೆ ಅವಳು ಕಣ್ಣು ಮುಚ್ಚಿಕೊಂಡು, "ಸರ್, ಇದು ಗುರುವಾರಕ್ಕೆ ಇರ್ಲಿ," ಎಂದಳು. ಕಣ್ಣು ತೆರೆದಾಗ ಅತ್ತೆ ಕಿಟಕಿಯಿಂದ ಮುಖ ತಿರುಗಿಸಿ ನೋಡುತ್ತಿದ್ದರು. ತಕ್ಷಣ ಮತ್ತೆ ಸೈಕಲ್ಲುಗಳ ಕಡೆ ತಿರುಗಿಕೊಂಡರು.

"ಕ್ಷಮೆ ಕೇಳೋಕೆ ಏನು ಕಷ್ಟ ನಿನಗೆ?" ಎಂದು ಗಂಡ ಅಡುಗೆಮನೆಯಲ್ಲಿ ಪಿಸುಗುಟ್ಟಿದ.

"ಕೇಳಿದೆ ರೀ. ಅವರು 'ನನ್ನ ತಪ್ಪೇ ಇತ್ತಲ್ಲ ಬಿಡು' ಅಂತಾರೆ. ಫೋನ್ ಮಾತ್ರ ಮುಟ್ಟಲ್ಲ."

ಐದನೆಯ ದಿನ ಬೆಳಿಗ್ಗೆ ಚುಕ್ಕಿ ತಲೆಗೆ ಸೋಪು ಹಚ್ಚಿಕೊಂಡು ಸ್ನಾನದ ಮನೆಯಲ್ಲಿದ್ದಾಗ ಫೋನ್ ಬಂತು. ಬಡಿದುಕೊಂಡು ನಿಂತಿತು. ಮತ್ತೆ ಬಂತು. ಮೂರನೆಯ ಸಲಕ್ಕೆ ಅತ್ತೆಯ ಮೂವತ್ತೆರಡು ವರ್ಷದ ಅಭ್ಯಾಸ ಅವರ ಹಟಕ್ಕಿಂತ ಮುಂದಾಯಿತು. ಊರುಗೋಲು ಊರಿ ಎದ್ದು, ಮೇಜಿನ ಆ ತುದಿಯವರೆಗೆ ಮೊದಲ ಬಾರಿಗೆ ಒಬ್ಬರೇ ನಡೆದುಹೋಗಿ ಎತ್ತಿಕೊಂಡರು.

ಚುಕ್ಕಿ ತಲೆ ಒರೆಸಿಕೊಳ್ಳುತ್ತ ಬಂದಾಗ ಅತ್ತೆ ನಿಂತೇ ಇದ್ದರು, ಕೈಯಲ್ಲಿ ಎರಡೂ ಬದಿ ತುಂಬಿದ ಕಾಗದ. ಕನ್ನಡಕ ಏರಿಸಿಕೊಂಡು ಒಂದಕ್ಷರವೂ ಬಿಡದೆ ಓದಿದರು:

"ಸಮಯ ಒಂಬತ್ತು ನಲವತ್ತು. ಮಾತಾಡಿದವರು ಒಬ್ಬ ಚಿತ್ರಕಾರ್ತಿ, ವಯಸ್ಸು ಐವತ್ತಕ್ಕೆ ಮೇಲೆ ಇರಬಹುದು, ನೆಗಡಿ ಆಗಿದೆ. ಮ್ಯೂಸಿಯಂ ಕೆಲಸ ಸಿಕ್ಕಿರೋದು ಇವರಿಗೇ. ಗರಿ ಚೆನ್ನಾಗಿ ಬರೀತಾರಂತೆ, ಮೂಳೆ ಬರೆಯೋಕೆ ಬರಲ್ಲವಂತೆ. ಪ್ರತಿ ಹಕ್ಕಿಗೂ ಗರಿ ಒಂದು ಕಡೆ, ಅಸ್ಥಿಪಂಜರ ಒಂದು ಕಡೆ ಬೇಕಂತೆ. ಬರುತ್ತೆ ಅಂತ ಒಪ್ಕೊಂಡುಬಿಟ್ಟು ಈಗ ನಿದ್ದೆ ಇಲ್ಲವಂತೆ. ಇವರ ಮಗಳ ವಿಜ್ಞಾನದ ಪುಸ್ತಕದಲ್ಲಿ ಒಂದು ಕಪ್ಪೆ ಇದೆ. ಅದನ್ನ ಬರೆದವರು ಯಾರು ಅಂತ ಹುಡುಕ್ಕೊಂಡು ನಿನ್ನ ನಂಬರ್ ಹಿಡಿದಿದ್ದಾರೆ. ಅರ್ಧ ಕೆಲಸ ನೀನು ಮಾಡ್ತೀಯಾ ಅಂತ ಕೇಳ್ತಿದ್ದಾರೆ. ಇಲ್ಲಿ ಕೆಮ್ಮಿದರು." ಅತ್ತೆ ತಲೆಯೆತ್ತಿದರು. "ನಾನೇನೂ ಹೇಳಿಲ್ಲ. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಹತ್ತು ನಿಮಿಷದಲ್ಲಿ ಮೇಡಂ ಅವರೇ ಮಾತಾಡ್ತಾರೆ ಅಂದೆ. ನಾಲ್ಕು ನಿಮಿಷ ಆಯ್ತು."

ಚುಕ್ಕಿ ಒದ್ದೆ ತಲೆಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು.

"ಕಾಗದ ನೆನೆಯತ್ತೆ, ಬಿಡೇ," ಎಂದರು ಅತ್ತೆ. ಆದರೆ ಅವರೂ ಬಿಡಲಿಲ್ಲ. ಆರು ನಿಮಿಷದಲ್ಲಿ ಎರಡು ನಿಮಿಷ ಅದಕ್ಕೇ ಹೋಯಿತು.

ಗರಿ ಬರೆಯುವ ಆಕೆಯನ್ನು ಚುಕ್ಕಿ ಮೊದಲ ದಿನವೇ ಗರಿಯಕ್ಕ ಎಂದು ಕರೆದಳು. ಆಕೆಗೂ ಅದು ಹಿಡಿಸಿತು. ಮೂರು ಬಸ್ ನಿಲ್ದಾಣದಾಚೆ ಮನೆ. ಹತ್ತೊಂಬತ್ತು ವರ್ಷ ಮನೆಯಲ್ಲೇ ಒಬ್ಬಳೇ ಕೂತು ಬರೆದವಳು. ಹಗಲಲ್ಲಿ ಮಾತಾಡುತ್ತಿದ್ದುದು ರೇಡಿಯೋದ ಜೊತೆಗೆ ಮಾತ್ರವಂತೆ. "ಸುದ್ದಿ ಓದೋರಿಗೆ ನಾನು ಎದುರುತ್ತರ ಕೊಡೋಕೆ ಶುರುಮಾಡಿದ್ದೆ ಕಣೇ. ಮಗಳಿಗೆ ಭಯ ಆಯ್ತು," ಎಂದಳು.

ಮ್ಯೂಸಿಯಂನವರು ಹಿಂಭಾಗದ ಉಗ್ರಾಣದಲ್ಲಿ ಇಬ್ಬರಿಗೂ ಒಂದು ಉದ್ದದ ಮೇಜು ಬಿಟ್ಟುಕೊಟ್ಟರು. ಗೋಡೆಗುಂಟ ಮರದ ಡ್ರಾಯರುಗಳು. ಎಳೆದರೆ ಹತ್ತಿಯ ಮೇಲೆ ಮಲಗಿಸಿದ ಹಕ್ಕಿಗಳು, ಕಾಲಿಗೆ ಚೀಟಿ. ಮೊದಲ ಹಕ್ಕಿ ಗೂಬೆ. ಗರಿಯಕ್ಕ ಅದನ್ನು ದುಂಡಗೆ, ಕತ್ತೇ ಇಲ್ಲದ ದಿಂಬಿನಂತೆ ಬರೆದಳು. ಪಕ್ಕದಲ್ಲಿ ಚುಕ್ಕಿ ಅದರ ಅಸ್ಥಿಪಂಜರ ಇಳಿಸಿದಳು: ಉದ್ದನೆಯ ತೆಳು ಕತ್ತು, ಅದರಲ್ಲಿ ಹದಿನಾಲ್ಕು ಮೂಳೆ.

"ಸುಳ್ಳು. ನನ್ನ ಗೂಬೆ ಒಳಗೆ ಇಷ್ಟು ಬಡಕಲಾ?" ಎಂದಳು ಗರಿಯಕ್ಕ.

"ಲೆಕ್ಕ ಹಾಕಿ ನೋಡಿ ಅಕ್ಕ."

ಗರಿಯಕ್ಕ ಒಂದೊಂದೇ ಎಣಿಸಿದಳು. ಆಮೇಲೆ ಇಬ್ಬರೂ ಚಿತ್ರಗಳಿಂದ ಹಿಂದೆ ಸರಿದು ನಿಂತು ನೋಡಿದರು. ಚುಕ್ಕಿ, "ಎದೆಗೂಡಿನ ನೆರಳು ಜಾಸ್ತಿಯಾಯ್ತಾ?" ಎಂದು ಕೇಳಿದಳು. "ಒಂಚೂರು. ಕೆಳಗಡೆ ಮಾತ್ರ," ಎಂದಳು ಗರಿಯಕ್ಕ. ನಿಜವಿತ್ತು. ಇಂಥದೊಂದು ಮಾತು ಕೇಳಿ ಚುಕ್ಕಿಗೆ ವರ್ಷದ ಮೇಲಾಗಿತ್ತು. ಅವಳು ಹೋಗಿ ಇಬ್ಬರಿಗೂ ಟೀ ತಂದಳು.

ಎಲ್ಲ ಸುಸೂತ್ರ ಎಂದೇನಲ್ಲ. ಗರಿಯಕ್ಕ ಕೆಲಸ ಮಾಡುತ್ತ ಗುನುಗುವಳು, ಅದೂ ಒಂದೇ ಸಾಲು. ಚುಕ್ಕಿ ಕುಂಚ ತೊಳೆದ ನೀರಿನ ಲೋಟವನ್ನು ಅಲ್ಲಲ್ಲೇ ಬಿಡುವಳು. ಒಂದು ದಿನ ಗರಿಯಕ್ಕ ಅದನ್ನು ಟೀ ಎಂದು ತಿಳಿದು ತುಟಿಯವರೆಗೆ ಒಯ್ದಿದ್ದಳು. ಕೊಕ್ಕರೆಯ ಕಾಲಿನ ವಿಷಯಕ್ಕೆ ಇಬ್ಬರೂ ಅರ್ಧ ದಿನ ಮಾತು ಬಿಟ್ಟಿದ್ದರು. ಎರಡು ಹಕ್ಕಿಗಳನ್ನು ಮೊದಲಿನಿಂದ ಬರೆಯಬೇಕಾಯಿತು. ಆದರೂ ಬೆಳಿಗ್ಗೆ ಒಂಬತ್ತೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಹಿಡಿದು, ಮೂರನೆಯ ನಿಲ್ದಾಣದಲ್ಲಿ ಗರಿಯಕ್ಕ ಹತ್ತುವುದನ್ನು ಕಾಯುವುದು ಚುಕ್ಕಿಗೆ ದಿನದ ಖುಷಿಯಾಯಿತು.

ಅತ್ತೆ ಆರರ ಬದಲು ಏಳು ವಾರ ಇದ್ದು, ಹೇಳಿದಂತೆಯೇ ತಮ್ಮ ಕಾಲ ಮೇಲೆ ತಾವು ಹೋದರು. ಚುಕ್ಕಿಯ ಕೆಲಸದ ಫೋನ್ ಮಾತ್ರ ಅವರ ಜೊತೆಗೇ ಹೋಯಿತು. ಗುಟ್ಟೇನೂ ಅಲ್ಲ, ಚುಕ್ಕಿಯೇ ಕೈಗೆ ಕೊಟ್ಟದ್ದು, ಪಕ್ಕದಲ್ಲೊಂದು ದಪ್ಪ ನೋಟುಪುಸ್ತಕವಿಟ್ಟು. ಅತ್ತೆಯ ನಿಯಮ ಈಗ ಒಂದೇ: ಚುಕ್ಕಿಯನ್ನು ಕೇಳದೆ ಯಾರಿಗೂ ಇಲ್ಲ ಅನ್ನುವುದಿಲ್ಲ, ಕೇಳದೆ ಹೌದು ಅಂತೂ ಅನ್ನುವುದೇ ಇಲ್ಲ.

ಪಕ್ಷಿಗಳ ಕೋಣೆ ತೆರೆದ ದಿನ ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಅಳಿಯನ ಕೈ ಹಿಡಿದು ಬಂದರು. ನಲವತ್ತು ಹಕ್ಕಿಗಳನ್ನೂ ನೋಡಿ, ಗೂಬೆಯ ಮುಂದೆ ಬಹಳ ಹೊತ್ತು ನಿಂತರು. ಗಂಡ ಅದರ ಎಲುಬುಗಳನ್ನು ಬೆರಳಿಟ್ಟು ತೋರಿಸುತ್ತ, "ಇಂಥ ಕತ್ತಿನವರು ನಮ್ಮಲ್ಲಿಗೆ ಬಂದ್ರೆ ಫಿಲ್ಮು ಎರಡು ಬೇಕು," ಎಂದ. ಆಮೇಲೆ ಅತ್ತೆ ನೇರವಾಗಿ ಮುಖ್ಯಸ್ಥೆಯ ಹತ್ತಿರ ನಡೆದುಹೋದರು.

"ಎರಡು ವಾರ ಬಿಟ್ಟು ಮಾಡಿ ಅಂದಿದ್ದು ನಾನೇ," ಎಂದರು. "ತಪ್ಪಾಯ್ತು. ನಿಮ್ಮ ಹೆಸರು ಬರ್ಕೊಳ್ಬೇಕಿತ್ತು."

ಮುಖ್ಯಸ್ಥೆ ನಕ್ಕುಬಿಟ್ಟರು. "ನೀವು ಫೋನ್ ಇಟ್ಟ ಮೇಲೆ ನಾನು ಒಂದು ನಿಮಿಷ ಎದ್ದು ನಿಂತಿದ್ದೆ ಅಮ್ಮ, ಯಾರೋ ದೊಡ್ಡ ಅಧಿಕಾರಿ ಹತ್ರ ಮಾತಾಡಿದೆ ಅಂತ."

ಅಷ್ಟರಲ್ಲಿ ಗರಿಯಕ್ಕ ತನ್ನಂತೆಯೇ ಮನೆಯಲ್ಲಿ ಕೂತು ದುಡಿಯುವ ಇಬ್ಬರನ್ನು ಕರೆತಂದಿದ್ದಳು, ಒಬ್ಬ ನಕ್ಷೆ ಬರೆಯುವವ, ಒಬ್ಬಳು ಪುಸ್ತಕದ ಕರಡು ತಿದ್ದುವವಳು. ಇಬ್ಬರಿಗೂ ಫೋನ್ ಎಂದರೆ ಮೈ ಬೆವರುತ್ತಿತ್ತು. ಗರಿಯಕ್ಕನದೂ ಸೇರಿ ಮೂರು ಮಂದಿಯ ಫೋನ್ ನೋಡಿಕೊಳ್ಳಬಹುದೇ, ಸಂಬಳಕ್ಕೇ, ಎಂದು ಕೇಳಿದರು.

ಅತ್ತೆ ಯೋಚಿಸಿದರು. "ಬೆಳಿಗ್ಗೆ ಹತ್ತರಿಂದ ಒಂದು. ಭಾನುವಾರ ಇಲ್ಲ. ಮಧ್ಯಾಹ್ನ ನಾನು ಮಲಗ್ತೀನಿ, ಯಾರೂ ಏಳಿಸೋಹಾಗಿಲ್ಲ. ಒಪ್ಪಿಗೆ ಇದ್ರೆ ಹೇಳಿ."

ಮೂವರೂ ಒಟ್ಟಿಗೇ ತಲೆಯಾಡಿಸಿದರು. ಕೆಲಸಕ್ಕೆ ಸೇರುವ ದಿನವೇ ತನಗೆ ಬೇಕಾದ್ದನ್ನು ಹೀಗೆ ಬೆರಳು ಮಡಿಸಿ ಹೇಳಬಹುದು ಎಂಬುದು ಅವರಿಗಾರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಕರಡು ತಿದ್ದುವವಳು ಚೀಲದಿಂದ ಪೆನ್ನು ತೆಗೆದು, ಅತ್ತೆ ಹೇಳಿದ್ದನ್ನು ಮೆಲ್ಲಗೆ ಅಂಗೈಯ ಮೇಲೆ ಬರೆದುಕೊಂಡಳು.